ತೋಟಕ್ಕೆ ಬಂದ ಬಿಳಿ ಪಿಕಳಾರ

ಕೊನೆಕೊಯ್ಲು ಮುಗಿದು ಅಂಗಳದ ತುಂಬ ಅಡಿಕೆ ಹರವಿದ್ದ ದಿನ. ಹಿತ್ತಿಲಿಂದ ಆಯಿ ಕೂಗಿದಳು, “ತಮಾ, ಬಿಳೇ ಹಕ್ಕಿ ಬಂಜು, ಬೇಗ ಬಾ!”

ದಾಸವಾಳದ ಬೇಲಿಯ ಮೇಲೆ ಕೂತಿತ್ತು. ಗಾತ್ರ, ಕೂಗು, ನೆಟ್ಟಗೆ ನಿಂತ ಜುಟ್ಟು, ಎಲ್ಲವೂ ನಾವು ದಿನಾ ಕಾಣುವ ಕೆಮ್ಮೀಸೆ ಪಿಕಳಾರದ್ದೇ. ಮೈ ಮಾತ್ರ ಆಗಷ್ಟೇ ಹಿಂಜಿದ ಹತ್ತಿಯ ಹಾಗೆ. ಪಕ್ಕದ ಟೊಂಗೆಯಲ್ಲಿ ಅದರ ಜೋಡಿ ಇತ್ತು. ಅದು ಕಂದು ಬೆನ್ನು, ಕಪ್ಪು ಜುಟ್ಟಿನ ಮಾಮೂಲಿ ಹಕ್ಕಿ. ಬಿಳಿಯದು ಹಾರಿ ಕೆಳಗಿಳಿದಾಗ ಬಾಲದ ಬುಡದಲ್ಲಿ ಕುಂಕುಮ ಇಟ್ಟಂಥ ಕೆಂಪು ಕಂಡಿತು. ಕೆನ್ನೆಯ ಕೆಂಪೂ ಹಾಗೇ ಉಳಿದಿತ್ತು. ಕೊಕ್ಕು, ಕಾಲು ತಿಳಿ ಗುಲಾಬಿ. ಕಣ್ಣು ಕಪ್ಪು, ಮೆಣಸಿನ ಕಾಳಿನಷ್ಟು ಕಪ್ಪು.

ಇಷ್ಟೆಲ್ಲ ನೋಡಿಯೂ ನಾನು ಮಾಡಿದ್ದು ಒಂದೇ ಕೆಲಸ. ಫೋಟೋ ತೆಗೆದು, “ನಮ್ಮ ತೋಟದಲ್ಲಿ ಆಲ್ಬಿನೋ ಪಿಕಳಾರ” ಎಂದು ಬರೆದು, ಊರಿನ ಹೆಸರು ಹಾಕಿ ವಾಟ್ಸಾಪಿನಲ್ಲಿ ಹಂಚಿದೆ. ಎರಡೇ ದಿನಕ್ಕೆ ಅದು ಪತ್ರಿಕೆಯೊಂದರಲ್ಲಿ ಬಂತು. ಆಮೇಲೆ ಜನ ಬಂದರು. ಶಿರಸಿಯಿಂದ, ಸಿದ್ದಾಪುರದಿಂದ, ದೊಡ್ಡ ಲೆನ್ಸು ಹಿಡಿದವರು, ಮಕ್ಕಳನ್ನು ಕರಕೊಂಡು ಬಂದವರು. ಬಂದವರಿಗೆಲ್ಲ ಚಾ ಕೊಟ್ಟು ಬೇಲಿ ತೋರಿಸಿದವನೂ ನಾನೇ. ಪಿಕಳಾರ ಎದೆಮಟ್ಟದ ಪೊದೆಯಲ್ಲೇ ಬಟ್ಟಲಿನಂಥ ಗೂಡು ಕಟ್ಟುವ ಹಕ್ಕಿ. ಗೂಡಿನಲ್ಲಿ ಎರಡು ಮರಿ ಇದ್ದವು. ಚಿತ್ರ ಚೆನ್ನಾಗಿ ಬರಲಿ ಎಂದು ಯಾರೋ ಮುಂದಿನ ನಾಲ್ಕು ರೆಂಬೆ ಮುರಿದು ಹೋಗಿದ್ದರು. ಮರೆ ಹೋಯಿತು. ಮರುದಿನ ಬೆಳಿಗ್ಗೆ ಕೆಂಬೂತ ಗೂಡಿನ ಪಕ್ಕದಲ್ಲೇ ಕೂತಿತ್ತು, ಗೂಡು ಖಾಲಿಯಾಗಿತ್ತು. ಬಿಳಿ ಹಕ್ಕಿ ಆ ಬೇಲಿಗೆ ಮತ್ತೆ ಬರಲಿಲ್ಲ. ಈಗಲೂ ಆ ದಾಸವಾಳದಿಂದ ಹೂ ಕೊಯ್ಯುವಾಗ ನನಗೆ ಆ ಬೆಳಿಗ್ಗೆ ನೆನಪಾಗುತ್ತದೆ.

ಅವತ್ತಿಂದ ಎರಡು ಕೆಲಸ ಹಿಡಿದೆ. ಬಣ್ಣ ತಪ್ಪಿದ ಪ್ರಾಣಿ, ಹಕ್ಕಿ ಎಲ್ಲಿ ಕಂಡರೂ ಸರಿಯಾಗಿ ಗುರುತಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಜಾಗದ ಹೆಸರನ್ನು ಹೊರಗೆ ಹೇಳದಿರುವುದು.

ನಾನು ಬರೆದ ಆ ಒಂದು ಪದವೂ ತಪ್ಪಾಗಿತ್ತು. ನಮ್ಮ ಪಿಕಳಾರ ಆಲ್ಬಿನೋ ಅಲ್ಲ. ಹಕ್ಕಿಯ ಗರಿಗೆ ಬಣ್ಣ ಕೊಡುವುದರಲ್ಲಿ ಮುಖ್ಯವಾದದ್ದು ಮೆಲನಿನ್. ಅದರಲ್ಲಿ ಎರಡು ಬಗೆ. ಕಪ್ಪು, ಬೂದು, ಕಡುಗಂದು ಬರುವುದು ಒಂದರಿಂದ. ಕೆಂಗಂದು, ಮಾಸಲು ಹಳದಿ ಬರುವುದು ಇನ್ನೊಂದರಿಂದ. ಇದಲ್ಲದೆ ಕ್ಯಾರೊಟಿನಾಯ್ಡ್ ಎಂಬ ಬಣ್ಣವಿದೆ. ಅದನ್ನು ಹಕ್ಕಿಯ ಮೈ ತಾನಾಗಿ ತಯಾರಿಸುವುದಿಲ್ಲ, ತಿಂದ ಹಣ್ಣು ಹುಳುಗಳಿಂದ ಬರಬೇಕು. ಕಡು ಹಳದಿ, ಕೆಂಪು ಎಷ್ಟೋ ಸಲ ಅದರದ್ದು. ಪಿಕಳಾರದ ಮೆಲನಿನ್ ಮಾತ್ರ ತಪ್ಪಿತ್ತು, ಹಣ್ಣಿನಿಂದ ಬಂದ ಕೆಂಪು ಉಳಿದಿತ್ತು. ಕಣ್ಣಲ್ಲಿ ಮೆಲನಿನ್ ಇದ್ದೇ ಇತ್ತು, ಅದಕ್ಕೇ ಕಣ್ಣು ಕಪ್ಪು.

ಆಲ್ಬಿನೋ ಆಗಿದ್ದರೆ ಕಣ್ಣು ಕಪ್ಪಿರುತ್ತಿರಲಿಲ್ಲ. ಅಲ್ಲಿ ಮೆಲನಿನ್ ತಯಾರಿಸಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವವೇ ಕೆಲಸ ಮಾಡುವುದಿಲ್ಲ. ಹಾಗಾಗಿ ಮೈಯಲ್ಲಿ ಎಲ್ಲೂ ಕಪ್ಪಿಲ್ಲ, ಕಣ್ಣಲ್ಲೂ ಇಲ್ಲ. ಒಳಗಿನ ರಕ್ತನಾಳದ ಬಣ್ಣ ಹೊರಗೆ ಕಂಡು ಕಣ್ಣು ಗುಲಾಬಿಯಾಗುತ್ತದೆ. ನಮ್ಮ ಹಕ್ಕಿಯದ್ದು ಲ್ಯೂಸಿಸಂ. ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಬಣ್ಣದ ಕೋಶಗಳು ಚರ್ಮದ ಎಲ್ಲ ಭಾಗಕ್ಕೂ ಹೋಗಿ ಸೇರಬೇಕು. ಸೇರದೇ ಹೋದ ಕಡೆ ಗರಿ ಹುಟ್ಟಿನಿಂದಲೇ ಬಿಳಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಹಕ್ಕಿಗಳ ಸಂಗ್ರಹ ನೋಡಿಕೊಳ್ಳುವ ಹೈನ್ ವಾನ್ ಗ್ರೌ 2006ರಲ್ಲಿ ಈ ಗೊಂದಲದ ಬಗ್ಗೆಯೇ ಬರೆದಿದ್ದಾರೆ. ಬಿಳಿ ಕಂಡದ್ದಕ್ಕೆಲ್ಲ ಆಲ್ಬಿನೋ ಎನ್ನುವ ರೂಢಿ ಪ್ರಪಂಚದ ತುಂಬ ಇದೆ ಎಂದು ಅದರಿಂದ ತಿಳಿಯಿತು.

ನಿಜವಾದ ಆಲ್ಬಿನೋ ನಾನು ಕಂಡದ್ದು ಒಂದೇ ಸಲ, ಅದೂ ಒಂದು ಅಳಿಲು ಮರಿ. ಬಚ್ಚಲು ಮನೆಯ ಮಾಡಿನ ಸಂದಿಯಲ್ಲಿ ಗೂಡಿತ್ತು. ಬೆನ್ನ ಮೇಲೆ ಪಟ್ಟೆಯ ಗುರುತೂ ಇಲ್ಲ, ಕಣ್ಣು ದಾಳಿಂಬೆ ಕಾಳಿನ ಬಣ್ಣ. ಒಡಹುಟ್ಟಿದವು ಹೆಂಚಿನ ಅಂಚಿನಿಂದ ಪೇರಲೆ ಮರಕ್ಕೆ ಸಲೀಸಾಗಿ ಜಿಗಿಯುತ್ತಿದ್ದವು. ಇದು ಅಂಚಿಗೆ ಬಂದು ತಲೆಯನ್ನು ಅತ್ತ ಇತ್ತ ತೂಗಿ, ಮುಂದೆ ಬಂದು, ಮತ್ತೆ ಹಿಂದೆ ಸರಿಯುತ್ತಿತ್ತು. ಕಣ್ಣಿನ ಒಳಪದರದಲ್ಲಿ ಮೆಲನಿನ್ ಇಲ್ಲದಿದ್ದರೆ ಬೆಳಕು ಚದುರುತ್ತದೆ, ದೂರದ ಅಂದಾಜು ಸಿಗುವುದಿಲ್ಲ. ಹನ್ನೊಂದು ದಿನ ಅದನ್ನು ನೋಡಿದೆ. ಹನ್ನೆರಡನೇ ದಿನ ಕಾಣಲಿಲ್ಲ. ಬೆಳೆದ ಆಲ್ಬಿನೋ ಕಾಡಿನಲ್ಲಿ ಕಾಣಸಿಗುವುದು ಅಪರೂಪ ಏಕೆ ಎಂಬುದು ನನಗೆ ಆ ಹೆಂಚಿನ ಅಂಚಿನಲ್ಲಿ ಅರ್ಥವಾಯಿತು.

ಹಾಗಾಗಿ ಈಗ ಯಾರು ಫೋನು ಮಾಡಿದರೂ ನನ್ನ ಮೊದಲ ಪ್ರಶ್ನೆ ಕಣ್ಣಿನದ್ದೇ. ಆಮೇಲೆ ಕೊಕ್ಕು ಮತ್ತು ಕಾಲು. ಆಮೇಲೆ ಬಿಳಿ ಎರಡೂ ಕಡೆ ಒಂದೇ ಹಾಗಿದೆಯೋ, ಅಲ್ಲೊಂದು ಇಲ್ಲೊಂದು ಗರಿಯೋ. ನನ್ನ ಹತ್ತಿರ ಇರುವುದು 8x42ರ ಒಂದು ದುರ್ಬೀನು, ಹಳೆಯ ಕ್ಯಾಮೆರಾಕ್ಕೆ 300 ಎಂ.ಎಂ. ಲೆನ್ಸು, ಅಷ್ಟೇ. ಇದಕ್ಕೆ ಅದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ, ಪುರುಸೊತ್ತು ಬೇಕು.

ಆ ಪುರುಸೊತ್ತಿನ ಬೆಲೆ ತಿಳಿದದ್ದು ಬನವಾಸಿ ಕಡೆಯ ಗದ್ದೆಯಲ್ಲಿ ಕಂಡ ಒಂದು ಗೊರವಂಕದಿಂದ. ದೂರದಿಂದ ಅದು ಹಾಲು ಜಾಸ್ತಿಯಾದ ಚಾದ ಬಣ್ಣ. ಮೊದಲು ಲ್ಯೂಸಿಸಂ ಎಂದೇ ಬರೆದೆ. ಅರ್ಧ ಗಂಟೆ ಬದುವಿನ ಮೇಲೆ ಕೂತ ಮೇಲೆ ಅದು ಬಿಸಿಲಿಗೆ ಮೈಯೊಡ್ಡಿ ಒಂದು ರೆಕ್ಕೆ ಬಿಚ್ಚಿತು. ಒಂದು ಗರಿಯ ಮೇಲೆ ಇನ್ನೊಂದು ಗರಿ ಕೂತು ಬಿಸಿಲು ತಾಗದ ಭಾಗವೆಲ್ಲ ಒಳ್ಳೆಯ ಕಂದು. ಹೊರಗೆ ಕಾಣುವ ಅಂಚು ಮಾತ್ರ ಬಿಳಿಚಿಕೊಂಡಿತ್ತು. ಬಿಸಿಲಿಗೆ ಒಣಹಾಕಿ ಮರೆತ ಪಂಚೆಯ ಮಡಿಕೆ ಬಿಚ್ಚಿದರೆ ಒಳಗೆ ಹಳೆಯ ಬಣ್ಣ ಕಾಣುವುದಿಲ್ಲವೆ, ಹಾಗೆ. ಇದಕ್ಕೆ ಬ್ರೌನ್ ಎಂದೇ ಹೆಸರು. ಮೆಲನಿನ್ ಬೇಕಾದಷ್ಟು ಇರುತ್ತದೆ, ಆದರೆ ಅದು ಪೂರ್ತಿ ಪಕ್ವವಾಗದೆ ಕಪ್ಪಿನ ಬದಲು ಕಂದಿಗೇ ನಿಲ್ಲುತ್ತದೆ. ಹಾಗೆ ನಿಂತ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಇದರ ವಂಶವಾಹಿ ಲಿಂಗವನ್ನು ನಿರ್ಧರಿಸುವ ಝಡ್ ವರ್ಣತಂತುವಿನ ಮೇಲಿದೆ. ಹೆಣ್ಣು ಹಕ್ಕಿಗೆ ಝಡ್ ಒಂದೇ ಇರುವುದರಿಂದ ಒಂದು ಪ್ರತಿ ತಪ್ಪಿದರೂ ಸಾಕು. ಕಾಡಿನಲ್ಲಿ ಕಾಣುವ ಇಂಥ ಹಕ್ಕಿಗಳು ಹೆಚ್ಚಾಗಿ ಹೆಣ್ಣೇ ಆಗಿರುವುದು ಅದಕ್ಕೆ.

ಕಾಗೆಯ ಕಥೆ ಬೇರೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬಿಳಿ ಕಾಗೆ ಇದೆ ಎಂದು ನೆಂಟರೊಬ್ಬರು ಹೇಳಿದಾಗ ಅವರು ಕಾಗೆ ಹಾರಿಸುತ್ತಿದ್ದಾರೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಪೂರ್ತಿ ಬಿಳಿಯಲ್ಲ, ರೆಕ್ಕೆ ಬಿಚ್ಚಿದಾಗ ಅಡ್ಡಕ್ಕೆ ಬಿಳಿ ಪಟ್ಟೆ ಕಾಣುವ ಊರುಕಾಗೆ. ಹೊಲಸು, ಬ್ರೆಡ್ಡು, ಕರಿದ ತಿಂಡಿ ತಿಂದು ಬೆಳೆದ ಪೇಟೆಯ ಕಾಗೆಗಳಲ್ಲಿ ಹೀಗಾಗುವುದುಂಟು. ಗರಿ ಬೆಳೆಯುವಾಗ ಆಹಾರದಲ್ಲಿ ಬೇಕಾದ್ದು ಸಿಗದಿದ್ದರೆ ಮೆಲನಿನ್ ಅಷ್ಟಕ್ಕೆ ಕಡಿಮೆಯಾಗುತ್ತದೆ. ಇದು ವಂಶದ ದೋಷವಲ್ಲ. ಊಟ ಸುಧಾರಿಸಿದರೆ ಮುಂದಿನ ಸಲ ಗರಿ ಉದುರಿ ಹೊಸದು ಬರುವಾಗ ಕಪ್ಪೇ ಬರಬಹುದು. ಆದರೆ ಇನ್ನೊಂದು ಸಾಧ್ಯತೆಯೂ ಇದೆ. ನಮ್ಮ ತಲೆ ನರೆತ ಹಾಗೆ ಹಕ್ಕಿಯ ಬಣ್ಣದ ಕೋಶಗಳೂ ಒಂದೊಂದಾಗಿ ಸೋಲುತ್ತ ಹೋಗಿ, ಪ್ರತಿ ಸಲ ಗರಿ ಬದಲಾದಾಗ ಬಿಳಿ ಹೆಚ್ಚುತ್ತದೆ. ಬಿಳಿ ಗರಿಯ ಹಕ್ಕಿಗಳಲ್ಲಿ ಬಹಳಷ್ಟಕ್ಕೆ ಈ ನರೆಯೇ ಕಾರಣ. ಒಂದು ದಿನದ ಫೋಟೋ ನೋಡಿ ಇದು ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೇ ಮಳೆಗಾಲ ಕಳೆದ ಮೇಲೆ ಮತ್ತೆ ಮತ್ತೆ ಹೋಗುತ್ತೇನೆ. ಮೀನು ಮಾರುವ ಅಮ್ಮ ಒಬ್ಬರು ಈಗ ನನ್ನ ಗುರುತು ಹಿಡಿದು, “ಹೆಗಡೇರೆ, ನಿಮ್ಮ ಕಾಗೆ ಈಗಷ್ಟೇ ಐಸಿನ ಪೆಟ್ಟಿಗೆ ಮೇಲಿತ್ತು ನೋಡಿ” ಎನ್ನುತ್ತಾರೆ.

ಎಲ್ಲ ವಿಚಿತ್ರವೂ ದೋಷವಲ್ಲ ಎಂಬ ಪಾಠ ಕಲಿಸಿದ್ದು ಅಘನಾಶಿನಿ ನದಿ. ಕುಮಟೆ ಹತ್ತಿರದ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆ ಬಯಲಲ್ಲಿ, ತಂಗಿಯ ಮನೆ. ಉಪ್ಪುನೀರಿಗೂ ಬಗ್ಗದ ಕಗ್ಗದ ಭತ್ತ ಕೊಯ್ದ ಮೇಲೆ ನೀರು ಒಳಗೆ ಬಿಡುವ ಕಾಲದಲ್ಲಿ ಅಲ್ಲಿ ಹಕ್ಕಿ ಸಂತೆ. ಬೆಳ್ಳಕ್ಕಿಗಳ ನಡುವೆ ಅದೇ ಎತ್ತರ, ಅದೇ ನಡಿಗೆಯ, ಆದರೆ ಸೀಸದ ಬಣ್ಣದ ಒಂದು ಹಕ್ಕಿ ಕಂಡು ನನಗೆ ಮೈ ಜುಮ್ಮೆಂದಿತು. ಮೆಲನಿಸಂ, ಮೆಲನಿನ್ ಹೆಚ್ಚಾಗಿ ಮೈ ಕಪ್ಪಾಗುವುದು! ಕಪ್ಪು ಬೆಳ್ಳಕ್ಕಿ! ಎರಡು ಪುಟ ಬರೆದೆ. ಕೊನೆಗೆ ಗೊತ್ತಾದದ್ದು ಅದು ವೆಸ್ಟರ್ನ್ ರೀಫ್ ಹೆರಾನ್ ಎಂಬ ಬೇರೆಯೇ ಹಕ್ಕಿ. ಕರಾವಳಿಯ ಈ ಹಕ್ಕಿಯಲ್ಲಿ ಹುಟ್ಟಿನಿಂದಲೇ ಕಪ್ಪು ಬಗೆ, ಬಿಳಿ ಬಗೆ ಎರಡೂ ಇವೆ, ನಡುವಿನವೂ ಇವೆ. ಕಪ್ಪಿನದಕ್ಕೆ ಗಂಟಲು ಬಿಳಿ. ಆ ಎರಡು ಪುಟವನ್ನು ಹರಿಯದೆ ಹಾಗೇ ಇಟ್ಟಿದ್ದೇನೆ.

ರಾಜಹಕ್ಕಿಯೂ ಹೀಗೆ. ಉದ್ದ ಬಾಲದ ಗಂಡು ಕೆಂಗಂದು ಇರುತ್ತದೆ, ಅಚ್ಚ ಬಿಳಿಯೂ ಇರುತ್ತದೆ. ಎರಡೂ ಸಹಜ. ಪ್ರತಿ ವರ್ಷ ಯಾರಾದರೂ ಅದರ ಚಿತ್ರ ಕಳಿಸಿ ಆಲ್ಬಿನೋ ಎನ್ನುತ್ತಾರೆ. ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲದ ಹೊತ್ತಿಗೆ ಗೋವಕ್ಕಿಯ ತಲೆ, ಬೆನ್ನು ಕಿತ್ತಳೆಯಾಗುವುದು ಗೂಡು ಕಟ್ಟುವ ಕಾಲದ ಬಣ್ಣ. ಹೂವಿಗೆ ಮುಖವಿಟ್ಟು ಹಣೆಗೆ ಪರಾಗ ಅಂಟಿಸಿಕೊಂಡ ಪಿಕಳಾರ, ಚಿರೆಕಲ್ಲಿನ ಕೆಮ್ಮಣ್ಣಲ್ಲಿ ಹೊರಳಿ ಕೆಂಪಾದ ಗುಬ್ಬಿ, ಇವೂ ನನ್ನನ್ನು ಏಮಾರಿಸಿವೆ.

ಮೃಗಗಳ ಪೈಕಿ ನಮ್ಮ ಜಿಲ್ಲೆಯ ಹೆಮ್ಮೆ ಕರಿ ಚಿರತೆ. ದಾಂಡೇಲಿ, ಅಣಶಿಯ ಕಾಡುಗಳು ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅವು ಇವೆ. ಅಜ್ಜ ಅದು ಬೇರೆ ಜಾತಿ ಎಂದೇ ನಂಬಿದ್ದ. ಬೇರೆ ಜಾತಿಯಲ್ಲ. ರೋಮದಲ್ಲಿ ಹಳದಿ ಮತ್ತು ಕಪ್ಪನ್ನು ಹಂಚುವ ಅಗೌಟಿ ಎಂಬ ವಂಶವಾಹಿಯ ಬದಲಾವಣೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮರಿ ಕಪ್ಪು. ಹಾಗಾಗಿ ಚುಕ್ಕೆಯ ಜೋಡಿಗೂ ಕಪ್ಪು ಮರಿ ಹುಟ್ಟಬಹುದು, ಒಂದೇ ಸೂಲಿನಲ್ಲಿ ಎರಡೂ ಬಣ್ಣ ಇರಬಹುದು. ಚುಕ್ಕೆಗಳು ಎಲ್ಲೂ ಹೋಗಿರುವುದಿಲ್ಲ. ನಾನು ಜೀವಮಾನದಲ್ಲಿ ಒಮ್ಮೆ, ಗಾಡಿ ನಿಲ್ಲಿಸಿದ ರಸ್ತೆಯಲ್ಲಿ, ಅದು ದಾಟುವಾಗ ನೋಡಿದೆ. ಓರೆ ಬಿಸಿಲು ಭುಜದ ಮೇಲೆ ಬಿದ್ದ ಆ ಗಳಿಗೆಯಲ್ಲಿ ಕಪ್ಪಿನೊಳಗೆ ಕಪ್ಪು ಹೂಗಳು ಎದ್ದು ಕಂಡವು. ಕಾಡಿನ ಕ್ಯಾಮೆರಾದ ಇನ್ಫ್ರಾರೆಡ್ ಬೆಳಕಿನಲ್ಲೂ ಅವು ಕಾಣುತ್ತವೆ. ಅದರಿಂದಲೇ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಆಗುತ್ತದೆ. ಮಳೆ ಜಾಸ್ತಿ ಇರುವ ದಟ್ಟ ಕಾಡುಗಳಲ್ಲೇ ಕರಿ ಚಿರತೆ ಹೆಚ್ಚು.

ಒಂದು ಕಾಡು ಸುತ್ತಲಿನ ಕಾಡುಗಳಿಂದ ಕಡಿದುಕೊಂಡರೆ ಇಂಥ ಬಣ್ಣವೇ ಎಚ್ಚರಿಕೆಯೂ ಆಗಬಹುದು. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆಗಳು ಅಗಲವಾಗಿ ಕೂಡಿಕೊಂಡು ಕಪ್ಪಾಗಿ ಕಾಣುವ ಹುಲಿಗಳ ಬಗ್ಗೆ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಕಾರಣ ಹುಡುಕಿದರು. ಒಂದೇ ವಂಶವಾಹಿಯ ಬದಲಾವಣೆ, ಹೊರಗಿನ ಹುಲಿ ಬಂದು ಸೇರದ ಸಣ್ಣ ಗುಂಪಿನಲ್ಲಿ ಹೆಚ್ಚುತ್ತ ಹೋಗಿದೆ. ಅದನ್ನು ಓದಿದ ಮೇಲೆ ನಮ್ಮ ಕಾಳಿಯ ಕಾಡಿಗೆ ಎರಡು ಬದಿಯ ಕಾಡೂ ಕೂಡಿಕೊಂಡಿರುವುದು ಎಷ್ಟು ದೊಡ್ಡ ಆಸ್ತಿ ಎಂದು ಅನಿಸಿತು.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಹಕ್ಕಿಗೂ ಒಂದು ಪುಟ. ದಿನಾಂಕ, ಹೊತ್ತು, ಕಣ್ಣು, ಕೊಕ್ಕು, ಯಾವ ಗರಿ ಬಿಳಿ, ಜೊತೆಯ ಹಕ್ಕಿಗಳು ಅದನ್ನು ಅಟ್ಟುತ್ತವೆಯೋ ಸೇರಿಸಿಕೊಳ್ಳುತ್ತವೆಯೋ. ಗೂಡು ಕಂಡರೆ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದಿಲ್ಲ. ಹೊರಗೆ ಕಳಿಸುವಾಗ ತಾಲೂಕಿನ ಹೆಸರು ಮಾತ್ರ ಬರೆಯುತ್ತೇನೆ. ಬಿಳಿ ಗೊರವಂಕಕ್ಕೆ ದುಡ್ಡು ಕೊಡುವವರು ಇದ್ದಾರೆ, ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವಾದರೂ ಹಿಡಿಯುವವರೂ ಇದ್ದಾರೆ.

ಹೋದ ವರ್ಷ ಆಯಿ ಮತ್ತೆ ಕೂಗಿದಳು. ಬಾಳೆಗೊನೆಯ ಹತ್ತಿರ ಮಾಮೂಲಿ ಪಿಕಳಾರದ ಜೋಡಿ, ಜೊತೆಗೆ ಇನ್ನೂ ಕೆನ್ನೆ ಕೆಂಪಾಗದ ಮರಿಯೊಂದು. ಅದರ ಎರಡೂ ರೆಕ್ಕೆಯಲ್ಲಿ ಸರಿಯಾಗಿ ಒಂದೇ ಜಾಗದಲ್ಲಿ ಒಂದೊಂದು ಬಿಳಿ ಗರಿ. ದುರ್ಬೀನಿನಲ್ಲಿ ಕಣ್ಣು ನೋಡಿದೆ, ಕಪ್ಪು. ಪುಟ ತೆಗೆದು ಬರೆದುಕೊಂಡೆ. ಆಯಿಗೂ ಹೇಳಿದೆ, ಯಾರಿಗೂ ಹೇಳಬೇಡ ಎಂದು.