ಸೀಮೆಸುಣ್ಣ ಹಚ್ಚಿ ಪಿವಟ್ ಕಲಿಸಿದೆ

ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚಿಗೆ ಹೆಚ್ಚುಕಮ್ಮಿ 18 ಟ್ರಾವೆಲಿಂಗ್, ಅಂದರೆ ಬಾಲ್ ಕೈಯಲ್ಲಿರುವಾಗ ಹೆಜ್ಜೆ ತಪ್ಪುವುದು. ಅದು ನಮ್ಮ ಹುಡುಗರ ಲೆಕ್ಕ. ಈಗ ಮೂರೋ ನಾಲ್ಕೋ. ಎರಡು ವಾರ ಶೂಟಿಂಗ್ ಬಂದ್, ಬರೀ ಕಾಲಿನ ಕೆಲಸ, ಅಂದರೆ ಒಂದು ಕಾಲು ನೆಲಕ್ಕೂರಿ ಅದರ ಮೇಲೆ ತಿರುಗುವ ಪಿವಟ್, ಎಂದಾಗ ಜೊತೆಯ ಕೋಚ್‌ಗಳು "ಹುಡುಗರು ಬಿಟ್ಟು ಹೋಗ್ತಾರೆ ನೋಡಿ" ಎಂದಿದ್ದರು. ಒಬ್ಬನೂ ಹೋಗಲಿಲ್ಲ.

ಮೊದಲು ಸುಮ್ನೆ ದುಡ್ಡು ಸುರಿದೆ. ಪಾದದ ಚಿತ್ರವಿದ್ದ ರಬ್ಬರ್ ಮ್ಯಾಟ್ ತರಿಸಿದೆ. ಹುಡುಗ ತಿರುಗಿದರೆ ಮ್ಯಾಟೂ ತಿರುಗುತ್ತಿತ್ತು. ನೆಲಕ್ಕೆ ಅಂಟಿಸುವ ಸ್ಟಿಕ್ಕರ್ ತಂದೆ, ವಾರದೊಳಗೆ ಕಿತ್ತುಬಂತು. ಎರಡರ ದುಡ್ಡು ಸೇರಿಸಿದರೆ ನಾಲ್ಕೈದು ಒಳ್ಳೆ ಬಾಲ್ ಬರುತ್ತಿದ್ದವು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ದಾರಿ ತೋರಿಸಿದ್ದು ಮೊಬೈಲ್. ನೆಲದ ಮಟ್ಟಕ್ಕೆ ಇಟ್ಟು ನಿಧಾನಗತಿಯಲ್ಲಿ ನೋಡಿದೆ. ಹತ್ತರಲ್ಲಿ ಏಳು ತಪ್ಪು ಲೇಅಪ್‌ನಲ್ಲಿ (ಓಡಿ ಬಂದು ಬುಟ್ಟಿಯ ಹತ್ತಿರದಿಂದ ಬಾಲ್ ಹಾಕುವುದು) ಇರಲೇ ಇಲ್ಲ, ನಿಂತಲ್ಲಿಂದ ಹೊರಡುವ ಮೊದಲ ಡ್ರಿಬಲ್‌ನಲ್ಲಿತ್ತು (ಬಾಲ್ ನೆಲಕ್ಕೆ ಪುಟಿಸುವುದು)! ಬಾಲ್ ಕೈಬಿಡುವ ಮೊದಲೇ ಪಿವಟ್ ಕಾಲು ಎದ್ದುಬಿಡುತ್ತಿತ್ತು. ನಾನು ತಿಂಗಳುಗಟ್ಟಲೆ ಲೇಅಪ್ ಹೆಜ್ಜೆ ತಿದ್ದುತ್ತಾ ಕೂತಿದ್ದೆ.

ಆಮೇಲೆ ಪಿವಟ್ ಕಾಲಿನ ಶೂ ಅಡಿ, ಮುಂಗಾಲಿನ ಜಾಗಕ್ಕೆ ಮಾತ್ರ, ಸೀಮೆಸುಣ್ಣ ಉಜ್ಜಿದೆ. ಸರಿಯಾಗಿ ತಿರುಗಿದರೆ ನೆಲದ ಮೇಲೆ ಗುಂಡಗೆ ಗುರುತು. ಕಾಲು ಎಳೆದರೆ ಗುರುತಿಗೆ ಬಾಲ. ಹಿಮ್ಮಡಿ ಮೇಲೆ ತಿರುಗುವವನಿಗೆ ಗುರುತೇ ಬೀಳುವುದಿಲ್ಲ. ನಾನು ಕೂಗುವುದೇ ಬೇಡ, ಅವರೇ ಬಗ್ಗಿ ನೋಡಿಕೊಳ್ಳುತ್ತಾರೆ. ಇದು ಸಿಮೆಂಟ್ ಕೋರ್ಟಿಗೆ ಮಾತ್ರ, ಮರದ ನೆಲದಲ್ಲಿ ಜಾರುತ್ತದೆ.

ಹೊಸ ತೊಂದರೆ ಶುರುವಾಯಿತು. ಪಿವಟ್ ಎತ್ತಲೇಬಾರದು ಎಂದು ಹುಡುಗರು ಹೆದರಿಬಿಟ್ಟರು. ಪಾಸಿಗೂ ಶಾಟಿಗೂ ಎತ್ತಬಹುದು, ಅದು ನೆಲಕ್ಕೆ ವಾಪಸ್ ಬರುವ ಮೊದಲು ಬಾಲ್ ಕೈಬಿಟ್ಟರೆ ಸಾಕು, ಅಲ್ವಾ? ಇದನ್ನು ಬಿಡಿಸಲು ಇನ್ನೊಂದು ವಾರ ಹೋಯಿತು.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2017ರಲ್ಲಿ ತಂದ 'ಸೊನ್ನೆ ಹೆಜ್ಜೆ' ನಿಯಮವೂ ಕಾಡಿತು. ಓಡುತ್ತಾ ಹಿಡಿದಾಗ ನೆಲದಲ್ಲಿರುವ ಕಾಲು ಸೊನ್ನೆ, ಆಮೇಲೆ ಎರಡು ಹೆಜ್ಜೆ. ನಿಂತು ಹಿಡಿದವನಿಗೆ ಸೊನ್ನೆಯೇ ಇಲ್ಲ. ಓಡುತ್ತಾ ಹಿಡಿದು ಡ್ರಿಬಲ್ ಶುರು ಮಾಡುವುದಾದರೆ ಎರಡನೇ ಹೆಜ್ಜೆಗೆ ಮೊದಲೇ ಬಾಲ್ ಬಿಡಬೇಕು. 'ಸೊನ್ನೆ, ಒಂದು, ಎರಡು' ಎಂದು ಬಾಯಿಬಿಟ್ಟು ಎಣಿಸಿಸಿದೆ. ಅದು ಕೂತಿತು.

ನಡುವೆ ಒಂದು ತಿಂಗಳು ಬರೀ ಜಂಪ್ ಸ್ಟಾಪ್ ಆಡಿಸಿ ನೋಡಿದೆ. ಎರಡೂ ಕಾಲು ಒಟ್ಟಿಗೆ ಇಳಿದರೆ ಯಾವುದನ್ನಾದರೂ ಪಿವಟ್ ಮಾಡಬಹುದಲ್ಲ, ಅದಕ್ಕೆ. ಆದರೆ ಕೆಲವರು ಬಾಲ್ ಹಿಡಿದು ಒಂದು ಹೆಜ್ಜೆ ಹಾಕಿ, ಆಮೇಲೆ ಹಾರಿ ಎರಡೂ ಕಾಲಲ್ಲಿ ಇಳಿಯುತ್ತಿದ್ದರು. ಆಗ ಪಿವಟ್ ಹಕ್ಕೇ ಹೋಯಿತು! ಆಟವೂ ನಿಧಾನವಾಯಿತು. ಕೈಬಿಟ್ಟೆ. ಕಣ್ಣಿಗೆ ಬಟ್ಟೆ ಕಟ್ಟಿ ತಿರುಗಿಸಿದ್ದು ಮಾತ್ರ ನಾನೆಣಿಸಿದ್ದಕ್ಕಿಂತ ಜಾಸ್ತಿ ಫಲ ಕೊಟ್ಟಿತು.

ಎರಡನೇ ವಾರ ಪಾಸ್‌ಗಳನ್ನು ಯಾವ ಕ್ರಮದಲ್ಲಿ ಬೆರೆಸಿದೆ ಎಂಬುದು ನಮ್ಮ ಟೀಮಿನ ಗುಟ್ಟು, ಹೇಳುವುದಿಲ್ಲ. ಎಡಗಾಲಿನ ಗುರುತು ಈಗ ಎಲ್ಲರದೂ ಗುಂಡಗಿದೆ. ಬಲಗಾಲಿನದಕ್ಕೆ ಇನ್ನೂ ಸಣ್ಣ ಬಾಲ ಉಳಿದಿದೆ. ಈ ವಾರವೆಲ್ಲ ಅದರ ಕೆಲಸವೇ.