ಕುಯ್ಲಿನ ಕಾಲದ ಟೆನ್ಷನ್: ಇಳಿಸುವುದು ಹೇಗೆ?

ಕಣದಲ್ಲಿ ಕಾಫಿ ಹರವಿದೆ, ಮೋಡ ಕಟ್ಟಿದೆ. ಕೆಲಸದವರು ಬಂದಿಲ್ಲ. ತೋಟಕ್ಕೆ ಆನೆ ನುಗ್ಗಿದೆ ಅಂತ ಫೋನ್ ಬೇರೆ. ಆಗ ಪಕ್ಕದಲ್ಲಿದ್ದವರು ಹೇಳುವ ಮಾತು ಒಂದೇ: 'ಜೋರಾಗಿ ಉಸಿರು ಎಳ್ಕೊಳ್ಳಿ'. ಎಡವುವುದೇ ಅಲ್ಲಿ.

ಮೊದಲು ಒಳಗೆ ಏನಾಗುತ್ತದೆ ನೋಡಿ. ಆನೆ ಎದುರಾದರೆ ಮೆದುಳಿನಿಂದ ಸುದ್ದಿ ಹೋಗಿ, ಕಿಡ್ನಿಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನ್ ಬಿಡುತ್ತವೆ, ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದನ್ನು. ಓಡಿ ಜೀವ ಉಳಿಸಿಕೊಳ್ಳಲು ಅದು ಬೇಕೇ ಬೇಕು. ಆನೆ ಹೋದರೆ ಅದೂ ಇಳಿಯುತ್ತದೆ. ಬ್ಯಾಂಕಿನ ಸಾಲ ಹಾಗೆ ಕಾಡಿಗೆ ವಾಪಸ್ ಹೋಗುವುದಿಲ್ಲವಲ್ಲ! ತಿಂಗಳುಗಟ್ಟಲೆ ಕಾರ್ಟಿಸಾಲ್ ಏರಿದ್ದರೆ ರೋಗ ತಡೆಯುವ ಶಕ್ತಿ ಹದ ತಪ್ಪುತ್ತದೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರ ಮೂಗಿಗೆ ನೆಗಡಿಯ ವೈರಸ್ ಬಿಟ್ಟು ನೋಡಿದರು. ಒತ್ತಡ ಜಾಸ್ತಿ ಇದ್ದವರಿಗೇ ನೆಗಡಿ ಜಾಸ್ತಿ ಹಿಡಿಯಿತು. 1995ರ ಇನ್ನೊಂದರಲ್ಲಿ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರ ಚಿಕ್ಕ ಗಾಯ ಒಣಗಲು ಬೇರೆಯವರಿಗಿಂತ ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಮೆದುಳಿನಲ್ಲೂ ಅಷ್ಟೇ. ಯೋಚಿಸಿ ತೀರ್ಮಾನ ಮಾಡುವ ಮುಂಭಾಗ ಮಂಕಾಗುತ್ತದೆ, ಭಯದ ಭಾಗ ಚುರುಕಾಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ ಸುಮ್ನೆ ರೇಗುವುದು, ಗೋಡೌನ್ ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವುದು ಇದರಿಂದಲೂ ಇರಬಹುದು.

ಈಗ ಉಸಿರಾಟ. ಹೆಚ್ಚಿನವರು ಎದೆ ಉಬ್ಬಿಸಿ, ಭುಜ ಎತ್ತಿ, ಬೇಗಬೇಗ ದೊಡ್ಡ ಉಸಿರು ಎಳೆಯುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಂ ಅನ್ನುತ್ತದೆ. 'ಅಯ್ಯೋ, ಬಿಪಿ ಏರಿತು' ಅಂತ ಗಾಬರಿ ಇನ್ನಷ್ಟು. ಹಾಗೆ ಮಾಡಬೇಡಿ. ಕುರ್ಚಿಯಲ್ಲಿ ಕೂತು ಅಂಗೈ ಹೊಟ್ಟೆಯ ಮೇಲಿಡಿ. ಮೊದಲು ಉಸಿರು ಹೊರಗೆ ಬಿಡಿ, ಎಳೆಯುವುದು ಆಮೇಲೆ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಮೆಲ್ಲಗೆ ಒಳಗೆ. ಕೈ ಏಳಬೇಕು, ಭುಜ ಏಳಬಾರದು. 6 ಎಣಿಸುವಷ್ಟು ಹೊತ್ತು ಹೊರಗೆ. ಹೊರಗೆ ಬಿಡುವಾಗಲೇ ಹೃದಯದ ಬಡಿತ ನಿಧಾನವಾಗುವುದು, ಹಾಗಾಗಿ ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಬೇಕು. ನಡುವೆ ಉಸಿರು ಕಟ್ಟಬೇಡಿ. ನಿಮಿಷಕ್ಕೆ ಸುಮಾರು 6 ಉಸಿರು, 5 ನಿಮಿಷ ಸಾಕು. ತಲೆ ಹಗುರವಾದಂತಾದರೆ ನಿಲ್ಲಿಸಿ, ಮಾಮೂಲಿಯಾಗಿ ಉಸಿರಾಡಿ. ಸಿಟ್ಟು ಬಂದಾಗ ಮೊದಲ ಸಲ ಕಲಿಯಲು ಹೊರಟರೆ ಆಗದು. ದಿನಾ ಬೆಳಿಗ್ಗೆ, ಮೊಬೈಲ್ ಮುಟ್ಟುವ ಮುಂಚೆ ಮಾಡಿ. ಇದಕ್ಕೆ ಆ್ಯಪ್ ಕೊಳ್ಳುವುದು ದಂಡ.

ನಡೆಯಿರಿ, ಅರ್ಧ ಗಂಟೆ. ತೋಟ ಸುತ್ತಿ ಕೆಲಸದವರನ್ನು ಬೈಯುವುದು ಲೆಕ್ಕಕ್ಕಿಲ್ಲ.

ಮಧ್ಯಾಹ್ನ 3ರ ಮೇಲೆ ಕಾಫಿ ಬೇಡ. ಕಾಫಿ ನಾಡಿನಲ್ಲಿ ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾರೆ, ಆದರೂ ಬೇಡ. ಕುಡಿದು 5 ಗಂಟೆಯಾದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಉಳಿದಿರಬಹುದು. ರಾತ್ರಿಯ ಪೆಗ್ ಇನ್ನೂ ಕೆಟ್ಟ ಅಡ್ಡದಾರಿ: ಬೇಗ ನಿದ್ದೆ ಬರುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ. 'ಇಮ್ಯುನಿಟಿ ಬೂಸ್ಟರ್' ಅಂತ ಮಾರುವ ಪುಡಿ, ಸಿರಪ್‌ಗಳಿಗೂ ದುಡ್ಡು ಸುರಿಯಬೇಡಿ.

ಎರಡು ವಾರವಾದರೂ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದೆ ನೋವು ಬಂದರೆ ಮಾತ್ರ 'ಟೆನ್ಷನ್ ಇರಬೇಕು' ಅಂತ ಉಸಿರು ಎಣಿಸುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.