ತೆಂಗಿನ ನುಸಿಗೆ ಹಿರ್ಸುಟೆಲ್ಲಾ: ಈ ಶಿಲೀಂಧ್ರ ಹೇಗೆ ಕೊಲ್ಲುತ್ತದೆ, ಹೇಗೆ ಸಿಂಪಡಿಸಬೇಕು

ನುಸಿ ಪೀಡೆ 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಕಾಣಿಸಿಕೊಂಡಿತು. ಅಲ್ಲಿಂದ ನಮ್ಮ ತೋಟಗಳಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಆಮೇಲೆ ಅದಕ್ಕೆ ಹೊಡೆಯದ ಔಷಧಿ ಇಲ್ಲ. ಆದರೆ ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯವರು ಮೈಕೋಹಿಟ್ ಅಂತ ಒಂದು ಶಿಲೀಂಧ್ರದ ಪುಡಿ ರೂಪಿಸಿದ್ದರು. ಅದರೊಳಗಿನ ಜೀವಿಯ ಹೆಸರು ಹಿರ್ಸುಟೆಲ್ಲಾ ಥಾಂಪ್ಸೋನಿ. ಇದನ್ನು ಬಳಸುವವರು ಬಹಳ ಜನ ಕೀಟನಾಶಕ ಹೊಡೆದ ಹಾಗೇ ಹೊಡೆದು, ಕೆಲಸ ಮಾಡಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ತಿಳಿದರೆ ಹೇಗೆ ಹೊಡೆಯಬೇಕು ಅನ್ನೋದು ತಾನಾಗೇ ಅರ್ಥವಾಗುತ್ತದೆ.

ಇದು ಎಳೆ ಎಳೆಯಾಗಿ ಬೆಳೆಯುವ ಬೂಷ್ಟು. ನುಸಿಯ ಮೈಗೆ ಬೀಜಕಣ ಅಂಟಿದರೆ ಮೊಳೆತು ಒಳಗೆ ನುಗ್ಗುತ್ತದೆ. ಇದರ ಕೆಲವು ತಳಿಗಳು ಹಿರ್ಸುಟೆಲ್ಲಿನ್ ಎ ಎಂಬ ವಿಷದ ಪ್ರೋಟೀನ್ ಮಾಡುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ಜಾತಿಯ ಗಿಡಗಳ ನುಸಿಯ ಮೇಲೆ ಈ ವಿಷ ಕೆಲಸ ಮಾಡುತ್ತದೆ ಅಂತ 1990ರ ದಶಕದಲ್ಲೇ ಗೊತ್ತಾಗಿತ್ತು. ಇದು ರೈಬೋಟಾಕ್ಸಿನ್, ಅಂದರೆ ಕೋಶದಲ್ಲಿ ಪ್ರೋಟೀನ್ ತಯಾರಿಕೆ ನಿಲ್ಲಿಸುವ ಬೂಷ್ಟಿನ ವಿಷಗಳ ಗುಂಪಿಗೆ ಸೇರಿದ್ದು ಅಂತ ಆಮೇಲೆ ತಿಳಿಯಿತು. ಬರೀ 130 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್. ಅದೇ ಗುಂಪಿನ ಹಳೆಯ ಸದಸ್ಯ ಆಲ್ಫಾ ಸಾರ್ಸಿನ್‌ನಲ್ಲಿ 150 ಇವೆ. ಅದು ಸಿಕ್ಕಿದ್ದು ಮಿಶಿಗನ್‌ನ ಹೊಲದ ಮಣ್ಣಿನಲ್ಲಿದ್ದ ಆಸ್ಪರ್ಜಿಲಸ್ ಬೂಷ್ಟಿನಿಂದ.

ಈ ವಿಷ ಮಾಡುವ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಪ್ರತಿ ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು ಇರುತ್ತವೆ, ಅವುಗಳ ಆರ್‌ಎನ್‌ಎಯಲ್ಲಿ ಸಾವಿರಾರು ಕೊಂಡಿಗಳು ಇರುತ್ತವೆ, ಈ ವಿಷ ಅಷ್ಟರಲ್ಲಿ ಒಂದೇ ಒಂದು ಕೊಂಡಿಯನ್ನು ಹುಡುಕಿ ಕತ್ತರಿಸುತ್ತದೆ. ಅಷ್ಟೇ ಸಾಕು. ರೈಬೋಸೋಮ್ ನಿಂತುಹೋಗುತ್ತದೆ, ಹೊಸ ಪ್ರೋಟೀನ್ ಆಗುವುದಿಲ್ಲ, ಕೋಶ ಸಾಯುತ್ತದೆ. ಔಡಲ ಬೀಜದ ರಿಸಿನ್ ಕೂಡ ಇದೇ ಜಾಗಕ್ಕೇ ಏಟು ಕೊಡುವುದು, ಆದರೆ ಅದು ಕೊಂಡಿ ಕತ್ತರಿಸದೆ ಪಕ್ಕದ ಅಡೆನಿನ್ ಎಂಬ ಆರ್‌ಎನ್‌ಎ ತುಣುಕೊಂದನ್ನು ಕಿತ್ತುಹಾಕುತ್ತದೆ. ಹಾಗಾಗಿ ಆ ಜಾಗಕ್ಕೆ ಸಾರ್ಸಿನ್-ರಿಸಿನ್ ಕುಣಿಕೆ ಅಂತಲೇ ಹೆಸರು.

ಇಲ್ಲಿ ಒಂದು ಮಾತು ಗಮನಿಸಿ. ಈ ವಿಷ ಕೋಶದ ಒಳಗೆ ಹೋದರೆ ಮಾತ್ರ ಕೆಲಸ. ಅದನ್ನು ನುಸಿಯವರೆಗೆ ಒಯ್ಯುವುದು ಶಿಲೀಂಧ್ರವೇ. ಅಂದರೆ ನೀವು ಸಿಂಪಡಿಸುತ್ತಿರುವುದು ವಿಷವನ್ನಲ್ಲ, ಜೀವವನ್ನು. ಸತ್ತ ಪುಡಿ ಹೊಡೆದರೆ ಸುಮ್ನೆ ದುಡ್ಡು ದಂಡ.

ಆದ್ದರಿಂದ ಕೊಳ್ಳುವಾಗ ತಯಾರಿಸಿದ ದಿನಾಂಕ, ಅವಧಿ ನೋಡಿ. ಬಿಸಿಲು ಬೀಳುವ ಅಂಗಡಿ ಮುಂಗಟ್ಟಿನ ಪೊಟ್ಟಣ ಬೇಡ. ಮನೆಯಲ್ಲೂ ತಂಪು ಜಾಗದಲ್ಲಿಡಿ. ಶಿಲೀಂಧ್ರನಾಶಕ ಹೊಡೆದ ಕ್ಯಾನು, ಪಂಪು ಆದರೆ ಚೆನ್ನಾಗಿ ತೊಳೆಯಿರಿ. ಬೋರ್ಡೋ ದ್ರಾವಣದ ಜೊತೆ ಯಾವತ್ತೂ ಬೆರೆಸಬೇಡಿ, ಸುಣ್ಣ ತುತ್ತ ಎರಡೂ ಸೇರಿ ಇದನ್ನು ಮುಗಿಸಿಬಿಡುತ್ತವೆ.

ಲೀಟರ್ ನೀರಿಗೆ 20 ಗ್ರಾಂ ಪುಡಿ, ಮರಕ್ಕೆ ಒಂದು ಲೀಟರ್, ವರ್ಷಕ್ಕೆ ಮೂರು ಸಲ. ಮೊದಲು ಸ್ವಲ್ಪ ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಪೂರ್ತಿ ನೀರಿಗೆ ಸೇರಿಸಿ. ಕಲಸಿದ್ದನ್ನು ಅವತ್ತೇ ಖಾಲಿ ಮಾಡಿ. ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು, ಯಾಕೆಂದರೆ ಬೂಷ್ಟಿನ ಪುಡಿ ಯಾವುದೇ ಇರಲಿ ಉಸಿರಿಗೆ ಸೇರುವುದು ಬೇಡ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೇರೆ ಬೂಷ್ಟಿನ ರೈಬೋಟಾಕ್ಸಿನ್ ಮನುಷ್ಯರಲ್ಲಿ ಅಲರ್ಜಿ ತರುತ್ತದೆ ಅನ್ನೋದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ಎಲ್ಲಿಗೆ ಹೊಡೆಯಬೇಕು? ಬಹಳ ಜನ ತಪ್ಪುವುದು ಇಲ್ಲೇ. ನುಸಿ ಗರಿಯ ಮೇಲೆ ಕೂತಿರುವುದಿಲ್ಲ. ಹರಳಿನ (ಎಳೆಯ ತೆಂಗಿನಕಾಯಿಯ) ತೊಟ್ಟಿನ ಕೆಳಗೆ, ಆ ಮುಚ್ಚಿಕೊಂಡ ಸಿಪ್ಪೆಗಳ ಅಡಿಯಲ್ಲಿ, ಮಿಲಿಮೀಟರಿನ ಕಾಲು ಭಾಗದಷ್ಟೂ ಉದ್ದವಿರದ ಹುಳುಗಳು ಸಾವಿರಗಟ್ಟಲೆ ಸೇರಿ ರಸ ಹೀರುತ್ತಿರುತ್ತವೆ. ಕೆಳಗಿನಿಂದ ಪಂಪು ಎತ್ತಿ ಹೊಡೆದರೆ ಅಲ್ಲಿಗೆ ತಲುಪುವುದು ಕಷ್ಟ. ಮರ ಹತ್ತುವವರನ್ನು ಕರೆದು, ಎಳೆಯ ಐದಾರು ಗೊನೆಗಳ ಪ್ರತಿ ಕಾಯಿಯ ತೊಟ್ಟೂ ನೆನೆಯುವ ಹಾಗೆ ಕೈ ಪಂಪಿನಲ್ಲಿ ಹೊಡೆಸಿ. ಆಗಷ್ಟೇ ಬಿಚ್ಚಿದ ಹೊಂಬಾಳೆಗೆ ಬೇಡ. ಅಲ್ಲಿ ಜೇನು ಓಡಾಡುತ್ತಿರುತ್ತದೆ, ನುಸಿಯೂ ಇನ್ನೂ ಸೇರಿರುವುದಿಲ್ಲ.

ಬೀಜಕಣ ಮೊಳೆಯಲು ತೇವ ಬೇಕು. ಹಾಗಾಗಿ ಸಂಜೆ ಹೊತ್ತು, ಗಾಳಿಯಲ್ಲಿ ತೇವ ಇರುವ ದಿನಗಳಲ್ಲಿ ಹೊಡೆಯಿರಿ. ಸುಡು ಬಿಸಿಲಿನ ಮಾರ್ಚ್ ಮಧ್ಯಾಹ್ನ ಹೊಡೆದರೆ ಏನೂ ಸಿಗುವುದಿಲ್ಲ. ನುಸಿ ಜಾಸ್ತಿಯಾಗುವುದೂ ಬೇಸಿಗೆಯಲ್ಲೇ, ಅದಕ್ಕೇ ಬೇಸಿಗೆ ಏರುವ ಮೊದಲೇ ಒಂದು ಸಲ ಆಗಿರಬೇಕು. ಒಣ ಕಾಲದಲ್ಲಿ ಬೇವಿನೆಣ್ಣೆ-ಬೆಳ್ಳುಳ್ಳಿ ಮಿಶ್ರಣವೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಲೀಟರಿಗೆ 20 ಮಿ.ಲೀ. ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ರಸ, 5 ಗ್ರಾಂ ಸೋಪು. ಮರದ ಬುಡಕ್ಕೆ ವರ್ಷಕ್ಕೆ 5 ಕೆಜಿ ಬೇವಿನ ಹಿಂಡಿ, ಗೊಬ್ಬರ, ಪೊಟ್ಯಾಷ್, ನೀರು ಇವನ್ನು ಬಿಡಬೇಡಿ. ಸೊರಗಿದ ಮರವನ್ನು ಯಾವ ಶಿಲೀಂಧ್ರವೂ ಉಳಿಸುವುದಿಲ್ಲ.

ಫಲಿತಾಂಶ ನೋಡಲು ಹಳೆಯ ಕಾಯಿ ನೋಡಬೇಡಿ. ಕಂದು ಕಲೆ, ಸೀಳು ಬಂದ ಮೇಲೆ ಅದು ಹೋಗುವುದಿಲ್ಲ. ಎರಡು ಮೂರು ತಿಂಗಳ ನಂತರ ಹೊಸ ಗೊನೆಯ ಹರಳುಗಳಲ್ಲಿ ತೊಟ್ಟಿನ ಕೆಳಗೆ ಬಿಳಿಚಿದ ತ್ರಿಕೋನದ ಗುರುತು ಇದೆಯಾ ನೋಡಿ. ಉದುರಿದ ಹರಳಿನ ತೊಟ್ಟು ಬಿಡಿಸಿ, ಒಳ್ಳೆಯ ಲೆನ್ಸ್ ಹಿಡಿದು, ಹುಳು ಇನ್ನೂ ಓಡಾಡುತ್ತಿದೆಯಾ ಅಂತ ಪರೀಕ್ಷಿಸಿ. ಓಡಾಡುತ್ತಿದ್ದರೆ ಪುಡಿಯ ತಾರೀಖು, ಹೊಡೆದ ಹೊತ್ತು, ತೊಟ್ಟು ನೆನೆದಿತ್ತಾ ಅನ್ನೋದು, ಈ ಮೂರನ್ನು ಮತ್ತೆ ವಿಚಾರಿಸಿಕೊಂಡು ಮುಂದಿನ ಸಿಂಪಡಣೆ ಮಾಡಿ.